ಕಾವಲಿನ ರಾತ್ರಿಯ ಊಟವೂ ಲೆಕ್ಕಕ್ಕೆ ಬಂದಾಗ

ತಿಂದದ್ದನ್ನು ದಿನವೂ ಬರೆದಿಡುವ ಪುಸ್ತಕಕ್ಕೆ ಐದು ಕಾಲಂ ಸಾಕು: ಹೊತ್ತು, ತಿಂದದ್ದು, ಅಳತೆ, ಹಸಿವಿತ್ತೋ ಇಲ್ಲವೋ, ಎಲ್ಲಿ ಮತ್ತು ಯಾರ ಜೊತೆ. ಇವುಗಳಲ್ಲಿ ನನಗೆ ಹೆಚ್ಚು ಕಲಿಸಿದ್ದು ಮೊದಲನೆಯದು ಮತ್ತು ಕೊನೆಯದು. ಏನು ತಿನ್ನಬೇಕು ಎಂದು ಹೇಳುವವರು ಊರಿಗೊಬ್ಬರಿದ್ದಾರೆ. ಯಾವ ಹೊತ್ತಿನಲ್ಲಿ, ಯಾವ ಕೆಲಸದ ನಡುವೆ, ಯಾಕೆ ತಿಂದೆವು ಎಂಬುದನ್ನು ನಮಗೆ ನಾವೇ ಬರೆದುಕೊಳ್ಳಬೇಕು.

ರಕ್ತದಲ್ಲಿ ಸಕ್ಕರೆ ಗಡಿಯ ಹತ್ತಿರಕ್ಕೆ ಬಂದಿದೆ ಎಂದು ವೈದ್ಯರು ಹೇಳಿದ ಮೇಲೆ ಬರೆಯಲು ಕೂತೆ. ಅವರ ಕಡೆಯಿಂದ ಸಿಕ್ಕ ಪಟ್ಟಿಯಲ್ಲಿ ಇಡ್ಲಿ, ಚಪಾತಿ, ಓಟ್ಸ್ ಇದ್ದವು. ಅಳತೆಯೆಲ್ಲ ಕಪ್ಪಿನಲ್ಲಿ, ಕ್ಯಾಲೊರಿಯಲ್ಲಿ. ತಾಳವಾಡಿಯ ಅಡುಗೆಮನೆ ಅದರೊಳಗೆ ಹಿಡಿಸುವುದಿಲ್ಲ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಮದ್ರಾಸಿನಲ್ಲೇ, ಅಂದರೆ ಇಂದಿನ ತಮಿಳುನಾಡಿನಲ್ಲೇ ಉಳಿದೆವು. ಆದರೆ ನಮ್ಮ ಒಲೆಗೂ ಚಾಮರಾಜನಗರದ ಒಲೆಗೂ ನಡುವೆ ಗೆರೆ ಬೀಳಲಿಲ್ಲ. ರಾಗಿಮುದ್ದೆ, ಉಪ್ಪೆಸರು, ಬೆರಕೆಸೊಪ್ಪಿನ ಸಾರು, ಅವರೆಕಾಯಿ ಕಾಲದಲ್ಲಿ ಹಿದಕವರೆ. ಅದಕ್ಕೇ ಪುಸ್ತಕವನ್ನು ನಮ್ಮ ಅಳತೆಯಲ್ಲೇ ಬರೆದೆ: ಮುದ್ದೆ, ಸೌಟು, ಲೋಟ. ಬೆಳ್ಳುಳ್ಳಿ ತೂಗುವ ತಕ್ಕಡಿಯಲ್ಲಿ ಮನೆಯ ಮುದ್ದೆಯ ಹಿಟ್ಟನ್ನು ಒಮ್ಮೆ ತೂಗಿ, ಒಂದು ಮುದ್ದೆಗೆ ಸುಮಾರು 100 ಗ್ರಾಂ ಹಿಟ್ಟು ಹೋಗುತ್ತದೆ ಎಂದು ತಿಳಿದುಕೊಂಡೆವು. ಆಮೇಲೆ ದಿನವೂ ತೂಗುವ ಅಗತ್ಯ ಬೀಳಲಿಲ್ಲ.

ಆ ತೂಕದಿಂದ ಒಂದು ವಿಷಯ ಸ್ಪಷ್ಟವಾಯಿತು. 100 ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, 11 ಗ್ರಾಂ ನಾರು ಇದೆ. ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಆದರೆ ರಾಗಿಯಲ್ಲೂ 60 ಗ್ರಾಮಿಗೆ ಮೀರಿ ಪಿಷ್ಟವಿದೆ. ರಾಗಿ ತಿಂದರೆ ಸಕ್ಕರೆ ಏರುವುದಿಲ್ಲ ಎಂಬ ಮಾತು ನಮ್ಮ ಕಡೆ ಬಹಳ. ಎರಡು ಮುದ್ದೆ ಉಂಡು, ಮೇಲೊಂದಿಷ್ಟು ಅನ್ನ ಕಲಸಿಕೊಂಡರೆ ಯಾವ ರಾಗಿಯೂ ಕಾಯುವುದಿಲ್ಲ. 2011ರಿಂದ ಪಡಿತರದ ಅಕ್ಕಿ ಬಿಟ್ಟಿ ಸಿಗುತ್ತಿದೆ. ಅದು ಬಡವರ ಹೊಟ್ಟೆ ಕಾದದ್ದು ನಿಜ, ಆ ಬಗ್ಗೆ ನನಗೆ ಗೌರವವಿದೆ. ಮುದ್ದೆಯಾದ ಮೇಲೆ ಅನ್ನ ಎಂಬ ಎರಡನೆಯ ಊಟ ಎಷ್ಟು ಸಲೀಸಾಗಿ ಒಳಗೆ ಬಂತು ಎಂಬುದು ಮಾತ್ರ ಪುಸ್ತಕ ನೋಡಿದ ಮೇಲೆಯೇ ಕಂಡದ್ದು. ಈಗ ಒಂದು ಹೊತ್ತಿಗೆ ಒಂದೇ ಮುದ್ದೆ. ಅನ್ನದ ಜಾಗಕ್ಕೆ ಇನ್ನೊಂದು ಸೌಟು ಕಾಳು ಬಂದಿದೆ.

ಕಾವಲಿನ ರಾತ್ರಿಗಳ ವಿಷಯವೇ ಬೇರೆ. ಸತ್ಯಮಂಗಲ ಹುಲಿ ಮೀಸಲು ಕಾಡು ನಮ್ಮ ಹೊಲಗಳ ಬದುವಿನಲ್ಲೇ ಇದೆ. ರಾಗಿ ತೆನೆ ಕಟ್ಟಿದಾಗ, ಮುಸುಕಿನ ಜೋಳ ಬಲಿತಾಗ ಆನೆ, ಹಂದಿ ಬರುತ್ತವೆ. ಅಟ್ಟಣೆಯ ಮೇಲೆ ಕೂತು ಬೆಳಗು ಮಾಡಬೇಕು. ಆ ವಾರಗಳ ಪುಟ ತಿರುವಿದರೆ ಹೊತ್ತಿನ ಕಾಲಮಿನಲ್ಲಿ ರಾತ್ರಿ ಹನ್ನೊಂದು, ಒಂದು, ಮೂರು ಎಂದು ಸಾಲಾಗಿ ಬರುತ್ತದೆ. ಎದುರಿಗೆ ಟೀ, ಬನ್ನು, ಖಾರದ ಮಿಕ್ಸ್ಚರು. ಹಸಿವಿನ ಕಾಲಮಿನಲ್ಲಿ ಹೆಚ್ಚಿನ ಕಡೆ ‘ಇಲ್ಲ’. ನಿದ್ದೆ ತಡೆಯಲು ತಿಂದದ್ದು, ಚಳಿಗೆ ತಿಂದದ್ದು, ಪಕ್ಕದ ಹೊಲದವರು ಕೂಗಿ ಕರೆದರೆಂದು ತಿಂದದ್ದು. ನಿದ್ದೆಗೆಟ್ಟ ದೇಹ ಮರುದಿನ ಸಿಹಿ ಮತ್ತು ಪಿಷ್ಟವನ್ನೇ ಹೆಚ್ಚು ಕೇಳುತ್ತದೆ. ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ಹೇಳಿದ್ದಾರೆ, ನನ್ನ ಪುಟಗಳಲ್ಲೂ ಅದೇ ಕಂಡಿತು. ಟೀಗೆ ಎರಡು ಚಮಚ ಸಕ್ಕರೆ ಎಂದರೆ ಸುಮಾರು 10 ಗ್ರಾಂ. ರಾತ್ರಿಯೊಂದಕ್ಕೆ ನಾಲ್ಕು ಲೋಟವಾದರೆ 40. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದು ಎನ್ನುತ್ತದೆ.

ಹೀಗಿರುವಾಗ ಮನಸ್ಸು ಗಟ್ಟಿ ಮಾಡಿಕೋ ಎಂದರೆ ಉಪಯೋಗವಿಲ್ಲ. ಆನೆ ಬರುವುದು ಬರುತ್ತದೆ, ಕಾವಲು ತಪ್ಪುವುದಿಲ್ಲ. ನಾವು ಬದಲಿಸಿದ್ದು ಬುತ್ತಿಯನ್ನು. ಬೇಯಿಸಿದ ಹುರುಳಿಕಾಳು ಅಥವಾ ಅವರೆಕಾಳಿನ ಉಸ್ಲಿ, ಹುರಿದ ಕಡಲೇಕಾಯಿ, ಫ್ಲಾಸ್ಕಿನಲ್ಲಿ ಶುಂಠಿ ಜೀರಿಗೆ ಕುದಿಸಿದ ನೀರು. ಸಕ್ಕರೆ ಹಾಕಿದ ಟೀ ಒಂದೇ ಲೋಟ, ಅದೂ ಕತ್ತಲಾಗುವ ಮುಂಚೆ. ಅಕ್ಕಪಕ್ಕದವರಿಗೂ ಸಾಲುವಷ್ಟು ಉಸ್ಲಿ ಒಯ್ಯುತ್ತೇನೆ, ಏಕೆಂದರೆ ಅಟ್ಟಣೆಯ ಮೇಲೆ ಒಬ್ಬನೇ ತಿನ್ನುವುದು ಆಗದ ಮಾತು. ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೋ ಈರೋಡಿಗೋ ಹೋಗಬೇಕಾದ ದಿನಕ್ಕೂ ಇದೇ ಬುತ್ತಿ.

ಉಪ್ಪನ್ನು ಊಟದ ಸಾಲುಗಳಲ್ಲಿ ಹಿಡಿಯಲಾಗುವುದಿಲ್ಲ. ಉಪ್ಪೆಸರಿನ ಖಾರ, ಉಪ್ಪಿನಕಾಯಿ, ಸಂಡಿಗೆ, ಎಲ್ಲದರೊಳಗೂ ಅದು ಅಡಗಿರುತ್ತದೆ. ಅದಕ್ಕೆ ಬೇರೆ ದಾರಿ: ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆಯುವುದು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಎಂದರೆ ನಾಲ್ಕು ಜನರ ಮನೆಗೆ 1 ಕಿಲೋ ಉಪ್ಪು 50 ದಿನ ಬರಬೇಕು. ನಮ್ಮ ಮನೆಯ ಪೊಟ್ಟಣ ತಿಂಗಳು ತುಂಬುವ ಮೊದಲೇ ಖಾಲಿಯಾಯಿತು. ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರಲ್ಲಿ ಶುರುವಾದಂದಿನಿಂದ ಬಿಪಿ, ಸಕ್ಕರೆಯ ಮಾತ್ರೆ ಈ ರಾಜ್ಯದಲ್ಲಿ ಮನೆ ಬಾಗಿಲಿಗೇ ಬರುತ್ತದೆ. ಮಾತ್ರೆ ನುಂಗುವ ಮನೆಗಳೆಲ್ಲ ಉಪ್ಪಿನ ಪೊಟ್ಟಣದ ಮೇಲೂ ತಾರೀಖು ಬರೆಯಲಿ ಎಂಬುದು ನನ್ನ ಆಸೆ.

ಎಲ್ಲಕ್ಕಿಂತ ನನ್ನನ್ನು ಕಲಕಿದ್ದು ಹೆಂಡತಿಯ ಪುಟಗಳು. ಅಡುಗೆ ಮಾಡುವವಳು ಬರೆಯದೆ ಮನೆಯ ಊಟದ ಲೆಕ್ಕ ಪೂರ್ತಿಯಾಗುವುದಿಲ್ಲ ಎನ್ನಿಸಿ ಅವಳಿಗೂ ಒಂದು ನೋಟ್‌ಬುಕ್ಕು ತಂದೆ. ಬೆಳಿಗ್ಗೆ ಟೀ. ಹಟ್ಟಿ ಕೆಲಸ ಮುಗಿದು ಹನ್ನೊಂದರ ಮೇಲೆ ಅರ್ಧ ಮುದ್ದೆ, ತಿಳಿ ಸಾರು. ಮತ್ತೆ ಟೀ. ರಾತ್ರಿ ಎಲ್ಲರ ಕೊನೆಗೆ, ಉಳಿದದ್ದು. ‘ಉಳಿದದ್ದು’ ಎಂದೇ ಬರೆದಿದ್ದಳು, ಪುಟದ ಮೇಲೆ ಪುಟ. ಕಾಳು ನನ್ನ ಮತ್ತು ಮಕ್ಕಳ ತಟ್ಟೆಗೆ, ತಿಳಿ ಅವಳದ್ದಕ್ಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ. ಆ ಅಂಕಿಯ ಹಿಂದಿನ ಕಾರಣಗಳಲ್ಲಿ ಒಂದು ನನ್ನ ಮನೆಯ ಒಲೆಯ ಮುಂದೆಯೇ ಕೂತಿತ್ತು. ನನಗೆ ಸಕ್ಕರೆ ಏರದಂತೆ ನೋಡಿಕೊಳ್ಳುತ್ತ, ಅವಳ ತಟ್ಟೆಗೆ ಕಾಳು ಬೀಳದ ಊಟವನ್ನು ಆರೋಗ್ಯದ ಊಟ ಎಂದು ನಾನು ಕರೆಯಲಾರೆ.

ಈಗ ರಾತ್ರಿ ಎಲ್ಲರೂ ಒಟ್ಟಿಗೆ ಕೂರುತ್ತೇವೆ. ಕಾಳನ್ನು ಮೊದಲೇ ತಟ್ಟೆಗಳಿಗೆ ಹಂಚಿ ಆಮೇಲೆ ಸಾರು ಬಿಡುತ್ತೇವೆ. ಊಟದ ಜೊತೆ ಕುಡಿಯುವ ಟೀ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ, ಹುಳಿ ಅದಕ್ಕೆ ನೆರವಾಗುತ್ತದೆ. ಹಾಗಾಗಿ ಟೀ ಊಟದಿಂದ ದೂರ ಸರಿಯಿತು, ಸಿಗುವ ಕಾಲದಲ್ಲಿ ಬೆಟ್ಟದ ನೆಲ್ಲಿಕಾಯಿ ತಟ್ಟೆಯ ಪಕ್ಕಕ್ಕೆ ಬಂತು. ಊರಲ್ಲಿ ಇದನ್ನು ಹೇಳಿದಾಗ ಕೆಲವು ಗಂಡಸರು ಮಾತು ಬದಲಿಸುತ್ತಾರೆ. ಹೆಂಗಸರು ಬದಲಿಸುವುದಿಲ್ಲ, ಇನ್ನೂ ಹೇಳು ಎನ್ನುತ್ತಾರೆ.

ವರ್ಷದ ಪುಟಗಳನ್ನು ಒಟ್ಟಿಗೆ ನೋಡಿದಾಗ ಇನ್ನೊಂದು ತೆರವು ಕಂಡಿತು. ಮಳೆ ಬಿದ್ದ ತಿಂಗಳುಗಳಲ್ಲಿ ಅಣ್ಣೆ, ಗಣಿಕೆ, ದಂಟು, ಹೊನಗೊನೆ ಎಂದು ಸೊಪ್ಪಿನ ಹೆಸರುಗಳು ತುಂಬಿವೆ. ಶಿವರಾತ್ರಿ ಕಳೆದ ಮೇಲೆ ಮುಂಗಾರಿನವರೆಗೆ ಸೊಪ್ಪು ಕಾಣುವುದೇ ಅಪರೂಪ. ಮಾರಲು ಬೆಳೆದ ಕೋಸು ಲಾರಿ ಹತ್ತಿ ಹೋಗುತ್ತದೆ. ಬೆರಕೆಸೊಪ್ಪೋ ಕಳೆನಾಶಕ ಹೊಡೆದ ಹೊಲದಲ್ಲಿ ಹುಟ್ಟುವುದೇ ಇಲ್ಲ. ಈ ಸಲ ಮನೆ ಹಿಂದಿನ ಬಚ್ಚಲ ನೀರು ಹರಿಯುವ ಕಡೆ ನುಗ್ಗೆ, ಅಗಸೆ ನೆಟ್ಟಿದ್ದೇವೆ, ಒಂದು ಮಡಿ ದಂಟು ಚೆಲ್ಲಿದ್ದೇವೆ. ಹೊಲದ ಒಂದು ಪಟ್ಟಿಗೆ ಕಳೆನಾಶಕ ತಾಗಿಸುವುದಿಲ್ಲ ಎಂದು ಹೆಂಡತಿ ಹೇಳಿದ್ದಾಳೆ. ಅದನ್ನು ಅವಳ ನೋಟ್‌ಬುಕ್ಕಿನಲ್ಲೇ ಬರೆದಿದ್ದಾಳೆ, ತಾರೀಖು ಹಾಕಿ.