ನೋಡಲು ಬಂದವರು, ನೋಡಿ ಹೋದವರು

ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಮನೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಹುಡುಗನೊಬ್ಬನು ಹರಿಹರದಲ್ಲಿ ಜ್ವರದಿಂದ ಮಲಗಿದ್ದ ಅಜ್ಜನ ಬಳಿಗೆ ಹೋಗಿ, ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದನು. ಎರಡು ಊರುಗಳಿಗೆ ಇರುವ ಅಂತರ ಸುಮಾರು 14 ಕಿ.ಮೀ. ಅವನು ಚಪ್ಪಲಿ ಬಿಡುವುದಕ್ಕೆ ಮೊದಲೇ ತಾಯಿ ಬಾಗಿಲಿಗೆ ಬಂದು ವಿಚಾರಿಸಿದಳು.

"ಡಾಕ್ಟರು ಅಜ್ಜನ್ನ ನೋಡಾಕೆ ಬಂದಿದ್ರು" ಎಂದನು ಹುಡುಗ.

"ನೋಡಾಕೆ ಬಂದಿದ್ರೋ, ನೋಡಿ ಹೋದ್ರೋ? ಸರಿಯಾಗಿ ಹೇಳು."

ಹುಡುಗನು ತಡವರಿಸಿದನು. ನಡೆದದ್ದು ಇಷ್ಟು: ಡಾಕ್ಟರು ಬಂದಾಗ ಅಜ್ಜ ನಿದ್ರೆಯಲ್ಲಿದ್ದರು. ಎಬ್ಬಿಸುವುದು ಬೇಡ, ಸಂಜೆ ಮತ್ತೆ ಬರುತ್ತೇನೆ ಎಂದು ಹೇಳಿ ಡಾಕ್ಟರು ಹೊರಟುಹೋಗಿದ್ದರು. ತಾಯಿ ವ್ಯಾಕರಣ ಓದಿದವಳಲ್ಲ; ಆದರೂ ಮಗನ ಒಂದು ಮಾತಿನಲ್ಲಿದ್ದ ಬಿರುಕನ್ನು ಆಕೆಯ ಕಿವಿ ಹಿಡಿದಿತ್ತು.

'ನೋಡಲು' ಮತ್ತು 'ನೋಡಿ' ಎರಡೂ 'ನೋಡು' ಧಾತುವಿನಿಂದ ಹುಟ್ಟಿದ ಕೃದಂತಾವ್ಯಯಗಳು. 'ನೋಡಿ ಹೋದರು' ಎಂದರೆ ನೋಡುವ ಕೆಲಸ ಮುಗಿದಿದೆ. ಹೋಗುವುದು ಅದರ ನಂತರದ್ದು. 'ನೋಡಲು ಬಂದರು' ಎಂದರೆ ಬಂದದ್ದು ಮಾತ್ರ ನಿಶ್ಚಯ. ನೋಡುವುದು ಬಂದವರ ಮನಸ್ಸಿನಲ್ಲಿದ್ದ ಉದ್ದೇಶ. ಅದು ನೆರವೇರಿತೋ ಇಲ್ಲವೋ ಆ ವಾಕ್ಯ ಹೇಳುವುದಿಲ್ಲ. ಹಳಗನ್ನಡದಲ್ಲಿ 'ನೋಡಲ್' ಎಂದಿದ್ದ ಈ ರೂಪ ಇಂದು ಬರಹದಲ್ಲಿ 'ನೋಡಲು', 'ನೋಡಲಿಕ್ಕೆ' ಎಂದು ಉಳಿದಿದೆ. ಆಡುಮಾತಿನಲ್ಲಿ ಮೈಸೂರಿನ ಕಡೆ 'ನೋಡೋಕೆ', ಧಾರವಾಡದ ಕಡೆ 'ನೋಡಾಕ' ಎನ್ನುತ್ತಾರೆ. ಹರಿಹರವು 1956ರವರೆಗೆ ಹಳೆಯ ಮೈಸೂರು ರಾಜ್ಯದ ಗಡಿಯ ಊರಾಗಿತ್ತು. ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತ್ಯ. ಹೀಗಾಗಿ ಈ ಸೀಮೆಯವರ ಕಿವಿಗೆ ಎರಡು ಕಡೆಯ ಮಾತೂ ಪರಿಚಿತ.

ಹುಡುಗನಿಗೆ ಇನ್ನೊಂದು ಕೆಲಸವಿತ್ತು. ಚೆನ್ನೈಯಲ್ಲಿ ಬೆಳೆದ ಅವನ ಸೋದರಮಾವನ ಮಗನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವನಿಗೆ ಸುದ್ದಿಯನ್ನು ಇಂಗ್ಲಿಷಿನಲ್ಲಿಯೇ ತಿಳಿಸಬೇಕು. 'ಡಾಕ್ಟರ್ ಕೇಮ್ ಓವರ್ ಟು ಸೀ ಹಿಮ್' ಎಂದು ಹುಡುಗ ಬರೆದನು. ವಾಕ್ಯದಲ್ಲಿ ತಪ್ಪಿಲ್ಲ. ಆದರೆ ಕನ್ನಡದಲ್ಲಿದ್ದ ಬಿರುಕು ಇಲ್ಲಿಯೂ ಹಾಗೆಯೇ ಇದೆ. ಇಂಗ್ಲಿಷಿನಲ್ಲಿ 'ಟು' ಎಂಬ ಪುಟ್ಟ ಪದವನ್ನು ಮುಂದಿಟ್ಟುಕೊಂಡು ಬರುವ ಕ್ರಿಯೆಯೂ ಇಂಥ ಕಡೆ ಉದ್ದೇಶವನ್ನು ಹೇಳುತ್ತದೆಯೇ ಹೊರತು ಫಲವನ್ನು ಹೇಳುವುದಿಲ್ಲ.

ಎರಡು ಭಾಷೆಗಳ ನಡಿಗೆ ಮಾತ್ರ ಬೇರೆ. ಇಂಗ್ಲಿಷರು ಮೊದಲು ಕಾಲು ಕೀಳುತ್ತಾರೆ, ಏಕೆಂಬುದನ್ನು ಆಮೇಲೆ ಹೇಳುತ್ತಾರೆ. ಕನ್ನಡಿಗನು ಸಾಮಾನ್ಯವಾಗಿ ಏಕೆಂಬುದನ್ನು ಮೊದಲು ಹೇಳಿ ಆಮೇಲೆ ಹೊರಡುತ್ತಾನೆ: 'ಮಂಡಕ್ಕಿ ತರಲು ಹೋದನು.' ದಿಕ್ಕನ್ನು ತಿಳಿಸುವ ಬಗೆಯಲ್ಲಿಯೂ ಭೇದವುಂಟು. 'ಗೋ', 'ಕಮ್' ಎಂಬ ಕ್ರಿಯೆಗಳ ಬೆನ್ನಿಗೆ ಇಂಗ್ಲಿಷು 'ಔಟ್', 'ಅಪ್', 'ಬ್ಯಾಕ್' ಎಂಬ ಚಿಕ್ಕ ಪದಗಳನ್ನು ಕಟ್ಟುತ್ತದೆ. ಕನ್ನಡದಲ್ಲಿಯೂ 'ಹೊರಗೆ', 'ಮೇಲಕ್ಕೆ' ಎಂಬ ಪದಗಳಿವೆ; ಆದರೆ ಅದು ಅನೇಕ ವೇಳೆ ಇನ್ನೊಂದು ಕ್ರಿಯೆಯನ್ನೇ ತಂದು ಜೋಡಿಸುತ್ತದೆ: ಏರಿ ಬಂದನು, ಇಳಿದು ಹೋದನು, ಮರಳಿ ಬಂದನು. 'ಕೇಮ್ ಬ್ಯಾಕ್ ಟು ಸೀ' ಎಂಬುದು 'ನೋಡಲು ಮರಳಿ ಬಂದನು' ಎಂದಾಗುತ್ತದೆ. ಅಲ್ಲಿ 'ಬ್ಯಾಕ್' ಇದ್ದ ಕಡೆ ಇಲ್ಲಿ 'ಮರಳು' ಎಂಬ ಇಡಿಯ ಧಾತುವೇ ಕುಳಿತಿದೆ. ಪದಕ್ಕೆ ಪದ ಇಟ್ಟು ಭಾಷಾಂತರಿಸುವವರು ಎಡವುವುದು ಇಂಥ ಕಡೆಯಲ್ಲಿಯೇ.

ಆದರೂ ಒಂದು ಕಡೆ ಇವೆರಡೂ ಆಶ್ಚರ್ಯವಾಗುವಷ್ಟು ಹತ್ತಿರ ಬರುತ್ತವೆ. 'ಸೆಟ್ ಔಟ್' ಎಂದರೆ ಹೊರಡು. ಅದರ ಮುಂದೆ 'ಟು' ಸೇರಿದರೆ ಒಂದು ಕಾರ್ಯವನ್ನು ಕೈಗೊಂಡನು ಎಂಬ ಅರ್ಥವೂ ಬರುತ್ತದೆ. ಮನೆಯಿಂದ ಹೊರಗೆ ಕಾಲಿಡಬೇಕಾಗಿಲ್ಲ. ಕನ್ನಡದಲ್ಲಿಯೂ 'ಲೋಕವನ್ನು ತಿದ್ದಲು ಹೊರಟನು' ಎನ್ನುತ್ತೇವೆ. ಹೊರಟವನು ಕುರ್ಚಿಯಿಂದ ಎದ್ದಿರಲಾರ! ಕನ್ನಡದ ಮಾತಿನಲ್ಲಿ ಮಾತ್ರ ಒಂದು ಚೂರು ನಗೆ ಬೆರೆತಿದೆ. 'ಬುದ್ಧಿ ಹೇಳಲು ಹೋಗಿ ಬೈಸಿಕೊಂಡನು' ಎಂಬಲ್ಲಿಯೂ 'ಹೋಗು' ಎಂಬುದು ದಾರಿ ನಡೆಯುವುದಲ್ಲ, ಬೇಡದ ಯತ್ನ.

'ಬರು' ಧಾತುವಿನ ಕಥೆ ಇನ್ನೂ ಸ್ವಾರಸ್ಯವಾದುದು. 'ಅವನು ಓದಲು ಬಂದನು' ಎಂದರೆ ಶಾಲೆಗೆ ಬಂದದ್ದು. 'ಅವನಿಗೆ ಓದಲು ಬಂದಿತು' ಎಂದರೆ ವಿದ್ಯೆ ಬಂದದ್ದು. ಮೊದಲನೆಯದರಲ್ಲಿ ಮನುಷ್ಯನು ವಿದ್ಯೆಯ ಕಡೆಗೆ ನಡೆಯುತ್ತಾನೆ. ಎರಡನೆಯದರಲ್ಲಿ ವಿದ್ಯೆಯೇ ಅವನ ಬಳಿಗೆ ನಡೆದು ಬರುತ್ತದೆ. ಒಂದು ಚತುರ್ಥೀ ವಿಭಕ್ತಿ ಮಾಡಿದ ಕೆಲಸವಿದು.

ಇಷ್ಟೇ ಅಲ್ಲ. ದಿನಕ್ಕೆ ಹತ್ತಾರು ಸಲ ಬಳಸುವ 'ಮಾಡಬಹುದು', 'ಮಾಡಬಾರದು' ಎಂಬ ಪದಗಳನ್ನು ಬಿಡಿಸಿ ನೋಡಿರಿ. 'ಬಾರದು' ಎಂದರೆ ಬರುವುದಿಲ್ಲ. 'ಬಹುದು' ಎಂಬುದು ಹಳಗನ್ನಡದ 'ಬರ್ಪುದು' ಸವೆದು ಉಳಿದ ರೂಪ. ಅದರ ಅರ್ಥ ಬರುವುದು. 'ಮಾಡ' ಎಂಬುದು 'ಮಾಡಲು' ಎಂಬುದರ ಗಿಡ್ಡ ರೂಪದಂತೆ ಇಲ್ಲಿ ನಿಂತಿದೆ. ಹಾಗಾದರೆ 'ಮಾಡಬಹುದು' ಎಂದರೆ ಮೂಲತಃ 'ಮಾಡಲು ಬರುವುದು'. ಅನುಮತಿಯನ್ನೂ ನಿಷೇಧವನ್ನೂ ಕನ್ನಡವು 'ಬರು' ಎಂಬ ಒಂದೇ ನಡಿಗೆಯಿಂದ ಕಟ್ಟಿಕೊಂಡಿದೆ. ಇಂಗ್ಲಿಷು 'ಗೋ' ಧಾತುವಿನಿಂದ ಬೇರೊಂದು ಕೆಲಸ ಮಾಡಿಸಿತು. 'ಇಟ್ ಈಸ್ ಗೋಯಿಂಗ್ ಟು ರೇನ್' ಎಂಬಲ್ಲಿ ಮಳೆ ಎಲ್ಲಿಗೂ ಹೋಗುತ್ತಿಲ್ಲ, ಬರಲಿದೆ. ಹೋಗುವ ಕ್ರಿಯೆ ಅಲ್ಲಿ ಭವಿಷ್ಯತ್ತಿನ ಗುರುತಾಗಿ ನಿಂತಿದೆ.

ಚೆನ್ನೈಯಿಂದ ಮರುಕ್ಷಣವೇ ಉತ್ತರ ಬಂದಿತು: ಡಾಕ್ಟರು ಏನೆಂದರು? ಸುದ್ದಿ ಓದಿದವನು ಡಾಕ್ಟರು ಅಜ್ಜನನ್ನು ನೋಡಿಯೇ ಹೋದರೆಂದು ತಿಳಿದಿದ್ದನು. ಹುಡುಗನಿಗೆ ಉತ್ತರಿಸಲು ತಿಳಿಯಲಿಲ್ಲ. ಅಷ್ಟರಲ್ಲಿ ತಾಯಿ ಸೀರೆ ಬದಲಾಯಿಸಿ ಕೈಚೀಲ ಹಿಡಿದು ನಿಂತಿದ್ದಳು. "ಹರಿಹರಕ್ಕೆ ಹೋಗಿ ಬರ್ತೀನಿ" ಎಂದಳು. ಹೊರಡುವವರು ಬರಿದೆ 'ಹೋಗ್ತೀನಿ' ಎನ್ನುವ ರೂಢಿ ಆ ಮನೆಯಲ್ಲಿ ಇರಲಿಲ್ಲ.

ರಾತ್ರಿ ಎಂಟಕ್ಕೆ ಹರಿಹರದಿಂದ ಆಕೆಯ ಕರೆ ಬಂದಿತು. ಹುಡುಗನು ಮಾತು ಮುಗಿಸಿ, ಚೆನ್ನೈಗೆ ಹೊಸದಾಗಿ ಬರೆದನು. ಈ ಸಲ 'ಟು' ಎಂಬ ಪದವನ್ನು ಹೊಡೆದುಹಾಕಿ 'ಕೇಮ್ ಬ್ಯಾಕ್ ಅಂಡ್ ಸಾ ಹಿಮ್' ಎಂದು ತಿದ್ದಿದನು. ಜ್ವರ ಇಳಿಯುತ್ತಿದೆ ಎಂದೂ ಸೇರಿಸಿದನು.