ಮಣ್ಣಲ್ಲದ ಗುಡ್ಡದಲ್ಲಿ ಮರ ಬೆಳೆಸೋದು ಹೇಗೆ?

ಹೋದ ವರ್ಷ ಪರಿಸರ ದಿನಕ್ಕೆ ನಾವು ಕಾಲೇಜಿನ ಹೊಸ ಬ್ಲಾಕ್ ಹಿಂದೆ ಸಸಿ ನೆಟ್ವಿ. ಫೋಟೊ ಚೆನ್ನಾಗಿ ಬಂತು. ದಸರಾ ರಜೆ ಮುಗಿಸಿ ಬಂದು ನೋಡಿದ್ರೆ ಬರೀ ಒಣಕಡ್ಡಿಗಳು. ಅಲ್ಲಿದ್ದದ್ದು ಮಣ್ಣಲ್ಲ, ಸಿಮೆಂಟ್-ಜಲ್ಲಿಯ ಕಸ. ಇದೇ ಸಮಸ್ಯೆ ಬೆಟ್ಟದಷ್ಟು ದೊಡ್ಡದಾಗಿ ಇರೋ ಊರು ಕೆ.ಜಿ.ಎಫ್.

ಅಲ್ಲಿ ಅದಿರನ್ನು ಹಿಟ್ಟಿನಂತೆ ಅರೆದು, ಸೋಡಿಯಂ ಸೈನೈಡ್ ದ್ರಾವಣದಿಂದ ಚಿನ್ನ ತೆಗೀತಿದ್ರು. ಉಳಿದ ಪುಡಿಯೇ ಇವತ್ತಿನ ಸೈನೈಡ್ ದಿಬ್ಬಗಳು, 3 ಕೋಟಿ ಟನ್‌ಗೂ ಹೆಚ್ಚು. 2001ರಲ್ಲಿ ಗಣಿ ಮುಚ್ಚಿತು, ದಿಬ್ಬಗಳು ಉಳಿದವು. ಜೋರು ಗಾಳಿ ಬಂದ್ರೆ ಆ ಧೂಳು ಮನೆಗಳೊಳಗೆ ಬರುತ್ತೆ.

ಸೈನೈಡ್ ಒಂದು ಸಂಯುಕ್ತ. ಬಿಸಿಲು, ಗಾಳಿಗೆ ನಿಧಾನವಾಗಿ ಒಡೆಯುತ್ತೆ. ಆದರೆ ಗಣಿ ತ್ಯಾಜ್ಯದಲ್ಲಿ ಸಿಗುವ ಆರ್ಸೆನಿಕ್, ಸೀಸ ಮೂಲಧಾತುಗಳು. ಅವು ಎಷ್ಟು ವರ್ಷವಾದರೂ ನಾಶವಾಗಲ್ಲ. ಹಾಗಾದ್ರೆ ಮರ ಏನು ಮಾಡುತ್ತೆ? ವಿಷವನ್ನು ಪೂರ್ತಿ ತೆಗೆಯೋದಿಲ್ಲ, ಇದ್ದಲ್ಲೇ ಹಿಡಿದಿಡುತ್ತೆ. ಬೇರು ಪುಡಿಯನ್ನು ಕಟ್ಟಿಹಾಕುತ್ತೆ, ಎಲೆಗಳು ಗಾಳಿಯ ವೇಗ ತಗ್ಗಿಸುತ್ತವೆ, ಮಳೆನೀರು ಕೆಳಗೆ ಇಳಿಯೋದೂ ಕಡಿಮೆಯಾಗುತ್ತೆ. ಇದಕ್ಕೆ ಫೈಟೋಸ್ಟೆಬಿಲೈಸೇಶನ್ ಅಂತಾರೆ.

ಇಂಥ ಜಾಗದಲ್ಲಿ ಕೆಲಸದ ಕ್ರಮ ಹೀಗಿರಬೇಕು:

1. ಮೊದಲು ಪರೀಕ್ಷೆ. ಸಲ್ಫೈಡ್ ಖನಿಜಗಳಿದ್ದರೆ ಗಾಳಿ, ನೀರು ಸೇರಿ ಆಮ್ಲ ಹುಟ್ಟುತ್ತೆ. ಪಿಎಚ್ ತೀರಾ ಕಡಿಮೆ ಇದ್ದರೆ ಸುಣ್ಣ ಹಾಕಬೇಕು.

2. ಆಮೇಲೆ ಮಣ್ಣು ಮಾಡೋದು. ಈ ಪುಡಿಯಲ್ಲಿ ಸಾವಯವ ಅಂಶ, ಸಾರಜನಕ ಇಲ್ಲವೇ ಇಲ್ಲ ಅನ್ನಬಹುದು. ಸಗಣಿ ಗೊಬ್ಬರ, ಕಾಂಪೋಸ್ಟ್, ಮೇಲ್ಮಣ್ಣು ಬೇಕು.

3. ಇಳಿಜಾರಿಗೆ ಮೊದಲು ಹುಲ್ಲು. ಲಾವಂಚದ ಬೇರು ನೇರ ಆಳಕ್ಕೆ ಇಳಿಯೋದರಿಂದ ಮಳೆಗೆ ಪುಡಿ ಕೊಚ್ಚಿಹೋಗಲ್ಲ.

4. ಕೊನೆಗೆ ಮರ. ಹೊಂಗೆ, ಜಾಲಿ, ಸರ್ವೆಯಂಥವು ಒಳ್ಳೆಯದು. ಇವುಗಳ ಬೇರುಗಂಟಿನಲ್ಲಿರೋ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುತ್ತವೆ. ಉದುರಿದ ಎಲೆ ಕೊಳೆತು ವರ್ಷದಿಂದ ವರ್ಷಕ್ಕೆ ಮಣ್ಣಾಗುತ್ತೆ.

ಒಂದು ಎಚ್ಚರ: ಇಂಥ ಕಡೆ ಹಣ್ಣಿನ ಮರ, ಮೇವಿನ ಗಿಡ ಬೇಡ. ಬೇರು ಹೀರಿದ ಲೋಹ ಎಲೆ, ಕಾಯಿಗೆ ಬಂದರೆ ಅಲ್ಲಿಂದ ದನ, ಜನರ ಹೊಟ್ಟೆಗೆ ಸೇರುತ್ತೆ.

ಇದೆಲ್ಲ ಒಂದು ದಿನದ ಕಾರ್ಯಕ್ರಮ ಅಲ್ಲ. ಬೇರು ಆಳಕ್ಕೆ ಇಳಿಯೋವರೆಗೆ ಕೆಲವು ಬೇಸಿಗೆಗಳಾದ್ರೂ ನೀರು ಹಾಕೋರು, ಸತ್ತ ಸಸಿ ಬದಲಿಸೋರು ಬೇಕು. ಈ ಸಲ ನಾವು ಆ ಬ್ಲಾಕ್ ಹಿಂದಿನ ಕಸ ತೆಗೆದು, ಗುಂಡಿಗೆ ಗೊಬ್ಬರ, ಕೆಂಪುಮಣ್ಣು ತುಂಬಿ ಹತ್ತೇ ಹತ್ತು ಹೊಂಗೆ ನೆಡ್ತೀವಿ. ನೀರು ಹಾಕೋ ಪಾಳಿಯ ಪಟ್ಟಿ ಹಾಸ್ಟೆಲ್ ಬೋರ್ಡಿನಲ್ಲಿದೆ. ಏಪ್ರಿಲ್, ಮೇ ಇನ್ನೂ ಖಾಲಿ ಇವೆ, ಹೆಸರು ಬರೀರಿ.