ಸ್ವಂತ ಲಿಪಿಯಲ್ಲಿ ಆಪ್ತರ ಸಂಪರ್ಕ

ಉದ್ಯೋಗಕ್ಕಾಗಿ ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಊರಿನ ಹಿರಿಯರೊಡನೆ ಸಂಪರ್ಕವಿರಿಸಿಕೊಳ್ಳಲು ಹಿಂದೆ ಅಂಚೆ, ತಂತಿ ಹಾಗೂ ಎಸ್.ಟಿ.ಡಿ. ಕರೆಗಳೇ ಆಧಾರವಾಗಿದ್ದವು. ಇಂದು ಫೇಸ್‌ಬುಕ್, ವಾಟ್ಸ್‌ಆ್ಯಪ್ ಮುಂತಾದ ಜಾಲತಾಣಗಳ ಮೂಲಕ ಬರಹವೂ ಛಾಯಾಚಿತ್ರವೂ ಕ್ಷಣಮಾತ್ರದಲ್ಲಿ ತಲುಪುತ್ತವೆ. ಆದರೆ ಕನ್ನಡವನ್ನಷ್ಟೇ ಓದಬಲ್ಲ ತಾಯಿಗೆ ಇಂಗ್ಲಿಷ್ ಅಕ್ಷರಗಳ ಸಂದೇಶ ತಲುಪಿಯೂ ಪ್ರಯೋಜನವಿಲ್ಲ.

ಈ ತೊಡಕಿನ ನಿವಾರಣೆಯಲ್ಲಿ, 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯ ಪಾತ್ರ ಮಹತ್ವದ್ದು. ಭಾರತೀಯ ಲಿಪಿಗಳನ್ನು ಗಣಕಯಂತ್ರದಲ್ಲಿ ಬಳಸುವ ಜಿಸ್ಟ್ ತಂತ್ರಜ್ಞಾನವನ್ನು ಅದು ಬೆಳೆಸಿತು. ಅಕ್ಷರಗಳಿಗೆ ನಿಶ್ಚಿತ ಸಂಕೇತ ನೀಡುವ ಇಸ್ಕಿ ಪದ್ಧತಿಯು 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಇಂದಿನ ಯೂನಿಕೋಡ್‌ನ ಕನ್ನಡ ವಿಭಾಗಕ್ಕೂ ಇಸ್ಕಿಯೇ ಮೂಲ. ಸಂಕೇತವೊಂದೇ ಆದುದರಿಂದ ಪುಣೆಯಲ್ಲಿ ಬರೆದ ಅಕ್ಷರವು ಧಾರವಾಡದ ಮೊಬೈಲಿನಲ್ಲಿಯೂ ಹಾಗೆಯೇ ಮೂಡುತ್ತದೆ.

ಮೊಬೈಲಿನಲ್ಲಿ ಕನ್ನಡ ಕೀಲಿಮಣೆಯನ್ನು ಸೇರಿಸಿಕೊಂಡು ಹಿರಿಯರಿಗೆ ಅವರ ಲಿಪಿಯಲ್ಲಿಯೇ ಬರೆಯಬೇಕು. ಓದಲಾರದವರಿಗೆ ಧ್ವನಿಸಂದೇಶವನ್ನು ಕಳುಹಿಸಬಹುದು.